ನಾಲ್ಕನೆಯ ಮೂಲೆ

ಹೋದ ವರ್ಷದ ಒಂದು ಗುರುವಾರ ಸಂಜೆ ಎದುರಿನ ಕನ್ನಡಕದಂಗಡಿಯ ಚಾಚಾ ಟೀ ಕುಡಿದು, ಲೋಟವನ್ನು ನನ್ನ ಸ್ಟುಡಿಯೋದ ಕಟ್ಟೆಯ ಮೇಲಿಟ್ಟು, ನನ್ನ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು. ನನ್ನನ್ನು ಅವರ ಅಂಗಡಿ ಬಾಗಿಲಲ್ಲಿ ನಿಲ್ಲಿಸಿದ್ದರು. "ಮೂರು ಮೂಲೆ ಕಾಣ್ತವೆ. ಎಡಗಡೆ ಕೆಳಗಿಂದು ಇನ್ನಾ ಕಪ್ಪೈತೆ. ನಿನ್ನ ಚಪ್ಪಲಿ ಕಾಣ್ತಿಲ್ಲಮ್ಮ!" ಎಂದು ರಸ್ತೆಯಾಚೆಯಿಂದ ಕೂಗಿದರು. ಹೊಸದುರ್ಗದ ಮಗಳ ಮನೆಗೆ ಹೋಗಿಬಂದು, ಲೆನ್ಸ್ ಹಿಡಿದಿರುವ ಒಳಗಿನ ಉಂಗುರವನ್ನು ಚೂರು ತಿರುಗಿಸುತ್ತೇನೆ, ಅಷ್ಟು ಸಾಕು ಎಂದರು. ಎಲ್ಲ ದಿನಗಳಂಥ ಒಂದು ದಿನ...

ನಿನ್ನೆ ಕ್ಯಾಮೆರಾ ಬ್ಯಾಗು ತೊಳೆಯುವಾಗ ಅದರ ಮಡಿಕೆಯಿಂದ ಕೆಂಪು ಪುಡಿ ಉದುರಿತು. ಗಾಜಿಗೆ ಪಾಲಿಶ್ ಹಿಡಿಸುವ ಪುಡಿ. ನೀರು ತಾಗಿದ್ದೇ ತಡ, ತುಕ್ಕಿನಂಥ ವಾಸನೆ ಎದ್ದಿತು. ಅವರ ಅಂಗಡಿಯದೇ ವಾಸನೆ.

ಚಿತ್ರದುರ್ಗದಲ್ಲಿ ನಾನು ಮದುವೆಗಳ ಫೋಟೋ ತೆಗೆಯುವವಳು. ಮನೆಯಲ್ಲೂ ಒಬ್ಬಳೇ, ಸ್ಟುಡಿಯೋದಲ್ಲೂ ಒಬ್ಬಳೇ. ಪವರ್ ಏರುತ್ತ ಹೋಗಿ ದಪ್ಪ ಕನ್ನಡಕ ಬಂದ ಮೇಲೆ ತೊಂದರೆ ಶುರುವಾಯಿತು. ಕ್ಯಾಮೆರಾದ ಹಿಂಬದಿಯ ಪರದೆ ಬಿಸಿಲಲ್ಲಿ ಕಾಣುವುದಿಲ್ಲ. ಕಣ್ಣಿಡುವ ಕಿಂಡಿಯೊಳಗೆ ಉಗುರಿನಷ್ಟು ಪುಟ್ಟ ಪರದೆಯೊಂದಿರುತ್ತದೆ. ಅದನ್ನು ಲೆನ್ಸ್ ದೊಡ್ಡದು ಮಾಡಿ ತೋರಿಸುತ್ತದೆ. ಕನ್ನಡಕ ಅಡ್ಡ ಬಂದು ಕಣ್ಣು ದೂರ ನಿಂತರೆ ನಡು ಮಾತ್ರ ಕಾಣುತ್ತದೆ, ಅಂಚೆಲ್ಲ ಕತ್ತಲೆ. ಹಿರಿಯೂರಿನ ಮದುವೆಯೊಂದರಲ್ಲಿ ಕೊನೆಗೆ ನಿಂತ ಅಜ್ಜಿಯ ಕೈಯಷ್ಟೇ ಫೋಟೋದಲ್ಲಿ ಬಂತು. "ಅಕ್ಕಾರೆ, ಕೈ ಇಲ್ಲೈತೆ, ನಮ್ಮಜ್ಜಿನ ಎಲ್ಲಿಗೆ ಕಳಿಸಿದ್ರಿ?" ಎಂದು ಮದುಮಗಳ ಅಣ್ಣ ನಗುತ್ತಲೇ ಕೇಳಿದ. ಆ ಬಳಗದವರು ಮತ್ತೆ ಕರೆಯಲಿಲ್ಲ. ಹೀಗೇ ಆದರೆ ಸ್ಟುಡಿಯೋ ಮುಚ್ಚಬೇಕಿತ್ತು.

ಚಾಚಾಗೆ ಹೇಳಿದೆ. "ಕಣ್ಣು ದೂರ ನಿಂತ್ರೂ ಪೂರ್ತಿ ಕಾಣೋ ಹಂಗೆ ಮಾಡಾಣ ಬಿಡು," ಅಂದರು.

ಮೊದಲು ಕಿಂಡಿಗೆ ಬೇರೆ ಒಂದೇ ಲೆನ್ಸ್ ಹಾಕಿದರು. ಅಂಚು ಕಂಡಿತು, ಆದರೆ ರಸ್ತೆಯ ಕರೆಂಟ್ ಕಂಬ ಬಾಳೆಹಣ್ಣಿನಂತೆ ಬಾಗಿತು. ಆಮೇಲೆ ಹಳೆಯ ಬೈನಾಕ್ಯುಲರ್‌ನ ಎರಡು ಲೆನ್ಸ್ ಬಿಚ್ಚಿ, ಕೆಂಪು ಪುಡಿ ಹಚ್ಚಿ ಗೀರುಗಳನ್ನು ಉಜ್ಜಿ, ಉಬ್ಬಿಗೆ ಉಬ್ಬು ಎದುರಾಗಿ ಕೂರಿಸಿದರು. ಕಂಬ ನೆಟ್ಟಗಾಯಿತು. ನನ್ನ ಕಣ್ಣಿನಷ್ಟೇ ದೂರದಿಂದ ನೋಡಬೇಕೆಂದು, ಗಾಜಿಲ್ಲದ ಫ್ರೇಮೊಂದನ್ನು ಮೂಗಿನ ಮೇಲೇರಿಸಿಕೊಂಡೇ ಪರೀಕ್ಷೆ ಮಾಡುತ್ತಿದ್ದರು. ಅದನ್ನು ತೆಗೆಯಲು ಮರೆತು ಗಿರಾಕಿಗಳ ಮುಂದೆಯೂ ಕೂರುತ್ತಿದ್ದರು.

"ಏನ್ ಚಾಚಾ, ನಿಮ್ಮ ಕನ್ನಡಕಕ್ಕೇ ಗಾಜಿಲ್ಲ, ನಮಗೇನ್ ಹಾಕ್ತೀರಿ?"

"ನನ್ನ ಕಣ್ಣು ಚೆನ್ನಾಗವೆ. ನೀನು ಸುಮ್ನೆ ಕುಂತ್ಕಳಪ್ಪ."

ಆ ಗುರುವಾರ ಕಳೆದು ಬಂದ ಭಾನುವಾರ ರಾಮಗಿರಿಯಲ್ಲಿ ಮದುವೆಯಿತ್ತು. ಉರಿಬಿಸಿಲು. ಸಾಲಾಗಿ ನಿಂತವರೆಲ್ಲ, ಕೊನೆಯಲ್ಲಿದ್ದ ಒಬ್ಬ ಅಜ್ಜಿಯೂ, ಪೂರ್ತಿ ಬಂದರು. ಚಾಚಾಗೆ ತೋರಿಸಬೇಕು ಅಂದುಕೊಳ್ಳುತ್ತಿರುವಾಗಲೇ ನಮ್ಮ ಬೀದಿಯ ಟೀ ಅಂಗಡಿಯವನ ಫೋನ್ ಬಂತು. ಮಗಳ ಮನೆಯಲ್ಲಿ ಚಾಚಾಗೆ ಎದೆನೋವಂತೆ... ಹೊಸದುರ್ಗದಲ್ಲೇ ಮಣ್ಣು ಮಾಡುತ್ತಾರಂತೆ... ಊಟದ ಪಂಕ್ತಿಯ ಫೋಟೋಗಳು ಬಾಕಿಯಿದ್ದವು. ಮುಗಿಸಿ ಹೊರಡುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು.

ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಹೋದ ತಿಂಗಳು ಬೇರೇನೋ ರಿಪೇರಿಗೆಂದು ಕ್ಯಾಮೆರಾವನ್ನು ದಾವಣಗೆರೆಗೆ ಒಯ್ದಿದ್ದೆ. ಅಂಗಡಿಯವನು ಕಿಂಡಿಯಲ್ಲಿ ಇಣುಕಿ, "ಒಂದು ಮೂಲೆ ಬರ್ತಿಲ್ಲ ಮೇಡಂ. ಈ ಉಂಗುರ ಸ್ವಲ್ಪ ತಿರುಗಿಸಿದ್ರೆ ಸರಿಹೋಗುತ್ತೆ," ಎನ್ನುತ್ತ ಸ್ಕ್ರೂಡ್ರೈವರ್ ಎತ್ತಿಕೊಂಡ.

"ಬ್ಯಾಡ, ಮುಟ್ಟಬ್ಯಾಡ್ರಿ," ಎಂದು ಕ್ಯಾಮೆರಾ ಎಳೆದುಕೊಂಡೆ. ಅವನು ನನ್ನ ಮುಖವನ್ನೇ ನೋಡಿದ. ನಾನು ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿಕೊಂಡೆ.

ಇವತ್ತು ಬೆಳಿಗ್ಗೆ ಸ್ಟುಡಿಯೋದ ಕಟ್ಟೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡೇ ಕ್ಯಾಮೆರಾದ ಕಿಂಡಿಯಿಂದ ಎದುರಿನ ಬಾಗಿಲನ್ನು ನೋಡಿದೆ. ಮೇಲಿನ ಎರಡು ಮೂಲೆಗಳು ಕಾಣುತ್ತವೆ. ಬಲಗಡೆಯ ಕೆಳಮೂಲೆಯೂ ಕಾಣುತ್ತದೆ. ಎಡಗಡೆಯದು ಕಾಣುವುದಿಲ್ಲ.