ಕಾಡಿನ ತಿರುವಿನಲ್ಲಿ ಕೂಗಿ ಮಾತಾಡಿದ್ದು

ತಾಳವಾಡಿಯ ಹತ್ತು ಕಿಲೋಮೀಟರ್ ಓಟದಲ್ಲಿ ಹೆಂಗಸರ ಪೈಕಿ ನಾನೇ ಮುಂದಿದ್ದೆ. ಕಾಡಂಚಿನ ತಿರುವಿನಲ್ಲಿ ರಸ್ತೆಯ ನಡುವೆ ಆನೆ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ನನ್ನ ಕಾಲು ನಿಂತೇ ಹೋಯಿತು. ಎರಡನೆಯವಳಾಗಿ ಬರುತ್ತಿದ್ದ ಗೆಟ್ಟವಾಡಿಯ ಹುಡುಗಿ ಜೊತೆಯಾದಳು.

“ನಿಂತ್ಕಬ್ಯಾಡಿ ಅಕ್ಕ. ಜೋರಾಗಿ ಮಾತಾಡ್ಕಂಡು ಓಡಿ. ಸದ್ದು ಕೇಳುದ್ರ ಆನ ದಾರಿ ಬುಟ್ಟು ಓಯ್ತದ.”

ಇಲ್ಲಿಯವರು ಕಾಡು ದಾಟುವುದೇ ಹಾಗೆ ಎಂದು ನಾನೂ ಕೇಳಿದ್ದೆ. ಕ್ಲಾಸಿನಲ್ಲಿ ಹಾಜರಿ ಹೇಳುವಾಗಲೂ ಪಿಸುಗುಟ್ಟುತ್ತಿದ್ದವಳು ಕೂಗತೊಡಗಿದೆ.

“ಏನ್ ಓದಿದ್ದೀರಿ?” ಎಂದಳು ಅವಳು.

“ಬಿ.ಕಾಂ!”

“ಕೇಳ್ನಿಲ್ಲ, ಇನ್ನೂ ಜೋರಾಗಿ!”

ಪೊದೆಯೊಳಗೆ ಏನೋ ಲಟಕ್ಕನೆ ಮುರಿಯಿತು. ಕಾಲೇಜು, ಹಾಸ್ಟೆಲು, ಅಮ್ಮನ ಬಿಪಿ ಮಾತ್ರೆಯವರೆಗೆ ಎಲ್ಲವನ್ನೂ ಕಿರುಚಿ ಹೇಳಿದೆ. ಅವಳು ಆಗಾಗ “ಆಮ್ಯಾಲ?” ಅನ್ನುವುದು ಬಿಟ್ಟರೆ ಬಾಯಿ ತೆರೆಯಲಿಲ್ಲ.

ಕೊನೆಗೆ ಊರಿನ ಮೊದಲ ಮನೆ ಕಂಡಿತು. ನನ್ನಲ್ಲಿ ಉಸಿರೇ ಉಳಿದಿರಲಿಲ್ಲ. “ಇನ್ನೇನ್ ಭಯ ಇಲ್ಲ, ನಿಧಾನಕ್ಕೆ ಬನ್ನಿ ಅಕ್ಕ” ಎಂದವಳೇ ಒಂದೇ ಓಟಕ್ಕೆ ಗುರಿಯ ಗೆರೆ ಮುಟ್ಟಿಬಿಟ್ಟಳು.

ಸದ್ದೇ ಬೇಕಿದ್ದರೆ ಅವಳೂ ಮಾತಾಡಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ವಾಪಸಾಗುವ ಬಸ್ಸಿನಲ್ಲಿ. ದೂರೋಣವೆಂದರೆ, ಆನೆಯಂತೂ ಬರಲಿಲ್ಲ ನೋಡಿ.