ಹಿತ್ತಿಲ ಕಲ್ಲಿಗೆ ಎರೆದ ಹಾಲು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ನಾಗರಪಂಚಮಿ ನಾನು ಹೈದರಾಬಾದಿನ ಕಾಲೇಜು ಸೇರಿದ ಎರಡನೆಯ ವರ್ಷದ್ದೋ ಮೂರನೆಯದ್ದೋ, ಖಚಿತವಿಲ್ಲ. ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಷ್ಟು ಗೊತ್ತು. ಉಳಿದವರ ಮಾತು ಹೀಗೇ ಇತ್ತೆಂದು ಪ್ರಮಾಣ ಮಾಡಲಾರೆ. ನನ್ನ ಮಾತು ಮಾತ್ರ ನೆನಪಿದೆ.

ನಮ್ಮದು ಹನುಮಸಾಗರದ ಹತ್ತಿರದ ಹಳ್ಳಿ. ಮುತ್ತಜ್ಜ ಮನೆ ಕಟ್ಟಿಸುವಾಗ ಪಡಸಾಲೆಗೆ ಹಾಸಲು ಉತ್ತರದ ಸುಣ್ಣಕಲ್ಲಿನ ಗಣಿಗಳಿಂದ ಬಂಡಿಗಟ್ಟಲೆ ಚಪ್ಪಡಿ ತರಿಸಿದ್ದನಂತೆ. ಅದರಲ್ಲಿ ಒಂದರ ಮೈಮೇಲೆ ಸುತ್ತು ಸುತ್ತು ಗೆರೆಗಳಿದ್ದವು, ಒಂದರೊಳಗೊಂದು, ಹಾವು ಸುತ್ತಿಕೊಂಡು ಮಲಗಿದ ಹಾಗೆ. ಅದನ್ನು ತುಳಿಯಲು ಯಾರಿಗೂ ಮನಸ್ಸಾಗಲಿಲ್ಲ. ಹಿತ್ತಿಲ ಬೇವಿನ ಬುಡಕ್ಕೆ ನಿಲ್ಲಿಸಿದರು. ಅದು ನಾಗಪ್ಪನಾಯಿತು.

ಚಿಗವ್ವ ನನ್ನ ಕಾಕಾನ ಹೆಂಡತಿ, ಗಂಗಾವತಿ ಕಡೆಯವಳು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿರಲಿಲ್ಲ. ಕಾಕಾನಿಗೆ ಇನ್ನೊಂದು ಹೆಣ್ಣು ತರುವ ಮಾತನ್ನು ಅಜ್ಜಿ ಆಗಾಗ ಎತ್ತುತ್ತಿದ್ದಳು; ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಚಿಗವ್ವ ಆ ನಾಗಪ್ಪನಿಗೆ ಹರಕೆ ಹೊತ್ತು ನಡೆದುಕೊಳ್ಳತೊಡಗಿದ ಮೇಲೆ ಆಯಿ ಸುಮ್ಮನಾದಳು. ಹರಕೆ ನಡೆದಿರುವಾಗ ಅಡ್ಡ ಬಂದರೆ ನಾಗಪ್ಪ ಮುನಿಯುತ್ತಾನೆಂಬ ಹೆದರಿಕೆ ಅವಳಿಗೂ ಇತ್ತು. ಆ ಹೆದರಿಕೆ ಇರುವಷ್ಟು ದಿನ ಸವತಿ ಬರುವಂತಿರಲಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಚೌತಿಯ ದಿನ ಹಿತ್ತಿಲಲ್ಲಿ ಹಾಲೆರೆದರು. ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಎರೆಯುವುದು ನಮ್ಮ ಕಡೆಯ ರೂಢಿ. ಚಿಗವ್ವ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, "ದೇವರ ಪಾಲು, ಗುರುವಿನ ಪಾಲು, ಅತ್ತಿ ಪಾಲು, ಮನಿಯವರ ಪಾಲು" ಎನ್ನುತ್ತ ಬಂದಳು. ಕೊನೆಗೆ ದನಿ ತಗ್ಗಿಸಿ, "ಕೂಸಿನ ಪಾಲು" ಎಂದಳು.

ನಾನು ಕಲ್ಲನ್ನು ನೋಡುತ್ತಿದ್ದೆ. ಹಾಲು ಹರಿದು ಒದ್ದೆಯಾದಲ್ಲಿ ಗೆರೆಗಳು ಎದ್ದು ಕಂಡವು. ಅಂಥದೇ ಕಲ್ಲಿನ ಚಿತ್ರವನ್ನು ನಮ್ಮ ಭೂಗರ್ಭಶಾಸ್ತ್ರದ ಮಾಸ್ತರರು ತೋರಿಸಿದ್ದರು. ಅದು ಹುಟ್ಟುವುದು ಹೀಗೆ: ದಡದ ಹತ್ತಿರದ ತಿಳಿ ಸಮುದ್ರ, ತಳದವರೆಗೂ ಬಿಸಿಲು ಇಳಿಯುವಷ್ಟು ಕಡಿಮೆ ನೀರು. ತಳದಲ್ಲಿ ಪಾಚಿ ಹಬ್ಬುತ್ತದೆ. ಅಲೆ ತಂದ ಸಣ್ಣ ಹೂಳು ಅದಕ್ಕೆ ಅಂಟುತ್ತದೆ. ಬೆಳಕಿಗಾಗಿ ಪಾಚಿ ಹೂಳಿನ ಮೇಲೆ ಬರುತ್ತದೆ, ಮತ್ತೆ ಹೂಳು ಕೂರುತ್ತದೆ. ಹೀಗೆ ಗುಮ್ಮಟದಂತೆ ಏರಿದ ಪದರಗಳು ಕಲ್ಲಾಗುತ್ತವೆ. ಅಡ್ಡ ಕತ್ತರಿಸಿದರೆ ಸುತ್ತುಗಳು ಕಾಣುತ್ತವೆ. ಇದು ಜೀವದ ಗುರುತೆಂದು ಒಪ್ಪದ ಪಂಡಿತರೂ ಇದ್ದರು. ಕೊಪ್ಪಳ, ಗಂಗಾವತಿಯ ಗುಡ್ಡಗಳಲ್ಲಿ ಇಂಥದನ್ನು ಹುಡುಕಿ ಫಲವಿಲ್ಲ. ಅವು ನೆಲದಾಳದ ಕಾವಿನಲ್ಲಿ ಹುಟ್ಟಿದ ಕಲ್ಲು. ನೀರಿನಲ್ಲಿ ಹುಟ್ಟಿದ ಕಲ್ಲು ನಮ್ಮ ಹಿತ್ತಿಲಲ್ಲೇ ನಿಂತಿತ್ತು.

ಮಧ್ಯಾಹ್ನ ಹೆಂಗಸರು ಪಡಸಾಲೆಯಲ್ಲಿ ಎಳ್ಳುಂಡೆ ಕಟ್ಟುತ್ತಿದ್ದರು. ನಾನು ತಡೆಯಲಾರದೆ ಹೇಳಿದೆ: "ಆಯಿ, ನಮ್ಮ ಹಿತ್ತಲ್ದಾಗ ಒಂದು ಸಮುದ್ರ ಐತಿ."

ಹಬ್ಬಕ್ಕೆಂದು ತವರಿಗೆ ಬಂದಿದ್ದ ಸೋದರತ್ತೆ ತಲೆಯೆತ್ತಿದಳು. "ಹಂಗಾರ ಎರಡು ಕೊಡ ತುಂಬ್ಕೊಂಡು ಬಾರವಾ, ಭಾಂಡಿ ತಿಕ್ಕೂದೈತಿ."

ನಾನು ಎಲ್ಲವನ್ನೂ ವಿವರಿಸಿದೆ. "ಅದು ಹಾವಲ್ಲ, ಪಾಚಿ. ನಮ್ಮ ಬಾವಿ ಮೆಟ್ಟಿಲಕ್ಕ ಹತ್ತತೈತಲ್ಲ, ಅಂಥಾದ."

"ನಾಳೆಯಿಂದ ಮೆಟ್ಟಿಲಕ್ಕೂ ಕುಂಕುಮ ಹಚ್ಚೂಣು ಬಿಡು," ಎಂದಳು ಸೋದರತ್ತೆ. ಎಲ್ಲರೂ ನಕ್ಕರು. ಚಿಗವ್ವನೂ ನಕ್ಕಳೆಂದು ನನ್ನ ನೆನಪು. ನನ್ನ ಸಮಾಧಾನಕ್ಕೆ ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಆಯಿ ನಗಲಿಲ್ಲ. "ಪಾಚಿ ಅಂದಿ?"

"ಹೂಂ."

"ಬುಕ್ಕಿನ್ಯಾಗ ಐತಿ?"

"ಐತಿ."

ಆಯಿ ಚಿಗವ್ವನ ಕಡೆ ತಿರುಗಿದಳು. "ಕೇಳಿದೇನವಾ? ಇಷ್ಟು ವರ್ಷ ಪಾಚಿ ಮುಂದ ನಿಂತು ಕೂಸು ಬೇಡಿದಿ."

ಆಗ ನಾನು ಒಂದು ಮಾತು ಆಡಬಹುದಿತ್ತು. ಕಲ್ಲು ಹೇಗಾಯಿತೆಂದು ನನ್ನ ಪುಸ್ತಕ ಹೇಳುತ್ತದೆ, ಬೇಡಿದವಳ ಹರಕೆ ಸುಳ್ಳೆಂದು ಹೇಳುವುದಿಲ್ಲ, ಎನ್ನಬಹುದಿತ್ತು. ಅದರ ಬದಲು, ಕಾಲೇಜಿಗೆ ಒಯ್ಯಲು ಅದರದೊಂದು ತುಣುಕು ಸಿಗಬಹುದೇ ಎಂದು ಕೇಳಿದೆ.

ಮರುದಿನ ಪಂಚಮಿ. ಚಿಗವ್ವ ಮತ್ತೆ ಹಾಲೆರೆದಳು. "ಮನಿಯವರ ಪಾಲು" ಎಂಬಲ್ಲಿಗೆ ನಿಂತಳು. ಬಟ್ಟಲಲ್ಲಿ ಇನ್ನೂ ಹಾಲಿತ್ತು. ಅದನ್ನು ಬೇವಿನ ಬುಡಕ್ಕೆ ಚೆಲ್ಲಿದಳು. ಆಮೇಲೆ ಸೆರಗಿನಿಂದ ಕಲ್ಲು ಒರೆಸಿ, "ಯಾವ ಕಡೀದು ಬೇಕು? ನಾ ಹಿಡ್ಕೋತೀನಿ, ನೀ ಒಡಿ," ಎಂದಳು. ನಾನು ಸುತ್ತಿಗೆಯಿಂದ ಒಂದು ಮೂಲೆ ಒಡೆದೆ. ಅವಳ ಎರಡೂ ಕೈ ಕಲ್ಲಿನ ಮೇಲಿದ್ದವು.

ತುಣುಕನ್ನು ನೋಡಿ ಮಾಸ್ತರರಿಗೆ ಮೊದಲು ಖುಷಿಯಾಯಿತು. ಆಮೇಲೆ ಉರ್ದುವಿನಲ್ಲಿ ಒಂದೊಂದಾಗಿ ಕೇಳತೊಡಗಿದರು. ಯಾವ ಗಣಿ? ಯಾವ ಪದರ? ಅದರ ಕೆಳಗೆ ಯಾವ ಕಲ್ಲಿತ್ತು, ಮೇಲೆ ಯಾವುದಿತ್ತು? ಮುತ್ತಜ್ಜ ತರಿಸಿದ್ದೆಂದಷ್ಟೇ ಹೇಳಿದೆ. ಎಂದೋ ಎಲ್ಲಿಯೋ ಸಮುದ್ರವಿತ್ತು ಎಂಬಷ್ಟನ್ನೇ ಅದು ಹೇಳುತ್ತದೆ, ಎಂದರು. ಆ ಸಮುದ್ರಕ್ಕೆ ಮೊದಲು ಅಲ್ಲಿ ಏನಿತ್ತು, ಅದು ಹಿಂದೆ ಸರಿದ ಮೇಲೆ ಏನಾಯಿತು, ಹುಟ್ಟಿದ ಜಾಗದಿಂದ ಕಿತ್ತ ಕಲ್ಲು ಹೇಳಲಾರದು. ಬಹಳ ದಿನ ಅದು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತ್ತು.

ದೀಪಾವಳಿ ಹೊತ್ತಿಗೆ ಕಾಕಾನಿಗೆ ಯಲಬುರ್ಗಿ ಕಡೆಯ ಹೆಣ್ಣು ಬಂದಳು. ಒಳ್ಳೆಯವಳೇ. ಅವಳಿಗೊಬ್ಬ ಮಗಳಾದಳು. ಚಿಗವ್ವ ಅದೇ ಮನೆಯಲ್ಲಿ ಉಳಿದಳು, ಆ ಮಗುವನ್ನು ಎತ್ತಿ ಆಡಿಸಿದಳು. ಹಿತ್ತಿಲ ಕಡೆ ಹಾಲು ಒಯ್ಯುವುದನ್ನು ಬಿಟ್ಟಳು. ನನ್ನನ್ನು ಯಾರೂ ಬೈಯಲಿಲ್ಲ.

"ನೀ ಯಾಕ ಮೈಮ್ಯಾಲ ಹಾಕ್ಕೋತಿ? ಪಂಚಮಿಗಿಂತ ಮೊದ್ಲ, ಆ ಬ್ಯಾಸಗಿ ಯಾರದೋ ಮದುವ್ಯಾಗನ ಆಯಿ ಹುಡುಗೀನ್ನ ನೋಡಿ ಬಂದಿದ್ಲು," ಎಂದು ಅವ್ವ ಹೇಳುತ್ತಾಳೆ. ಸೋದರತ್ತೆ ಒಪ್ಪುವುದಿಲ್ಲ; ಹೆಣ್ಣು ಹುಡುಕಲು ಮಂದಿಯನ್ನು ಕಳಿಸಿದ್ದು ಪಂಚಮಿ ಮುಗಿದ ಮೇಲೆ ಎನ್ನುತ್ತಾಳೆ. ಕಲ್ಲಿನಲ್ಲಾದರೆ, ಪದರಗಳು ಕದಲಿರದಿದ್ದರೆ, ಕೆಳಗಿನದೇ ಹಳೆಯದು. ನಮ್ಮ ಮನೆಯ ಆ ವರ್ಷದಲ್ಲಿ ಯಾವುದು ಕೆಳಗೆ, ಯಾವುದು ಮೇಲೆ ಎಂದು ನನಗೆ ಗೊತ್ತಾಗುವುದಿಲ್ಲ. ಅವ್ವ ಹೇಳುವುದು ನಿಜವಾದರೆ ನನ್ನ ಮಾತು ಆಯಿಗೆ ಸಿಕ್ಕ ಒಂದು ನೆವ, ಅಷ್ಟೇ. ಅದು ನಿಜವಾಗಲಿ ಎಂದು ನನಗೆ ಎಷ್ಟು ಆಸೆಯೋ, ಅದನ್ನು ನಂಬಲು ಅಷ್ಟೇ ಹಿಂಜರಿಕೆ.

ರಜಾಕಾರರ ಗಲಾಟೆ ಅಡಗಿದ ಮೇಲೆ ಊರಿಗೆ ಹೋಗಿದ್ದೆ. ಆಯಿ ಆಗಲೇ ತೀರಿಕೊಂಡಿದ್ದಳು. ಚಿಗವ್ವ ಕಟ್ಟೆಯ ಮೇಲೆ ಕೂತು ಸವತಿಯ ಮಗಳಿಗೆ ಜಡೆ ಹೆಣೆಯುತ್ತಿದ್ದಳು. ಹತ್ತಿರ ಕೂತು ಒಂದು ಮಾತು ಕೇಳಿದೆ. ಅವಳು ಮಗುವಿಗೆ, "ತಲಿ ಅಳ್ಳಾಡಿಸಬ್ಯಾಡ," ಎಂದು ಹೇಳಿ ಕಟ್ಟಿದ ಜಡೆ ಬಿಚ್ಚಿ ಮೊದಲಿನಿಂದ ಹೆಣೆಯತೊಡಗಿದಳು. ನಾನು ಕೇಳಿದ್ದು ಇಷ್ಟೇ:

"ಚಿಗವ್ವ, ನಾ ಆ ಮಾತು ಆಡೂಕಿಂತ ಮೊದ್ಲ ಯಲಬುರ್ಗಿ ಹೆಣ್ಣಿನ ಸುದ್ದಿ ನಿನ್ನ ಕಿವಿಗೆ ಬಿದ್ದಿತ್ತೇನು?"