ಮಿಸ್ ಅರ್ಲೀನ್ ಕೊರೆದ ಮೌನ

ಗ್ರ್ಯಾಷಿಯಟ್ ರಸ್ತೆಯಲ್ಲಿ ಬೆಳಗಿನ ಮೊದಲ ಬಸ್ಸು ಇನ್ನೂ ಓಡಿಲ್ಲ. ಮುಚ್ಚಿಹೋದ ಚಪ್ಪಲಿ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಎಪ್ಪತ್ತಮೂರು ವರ್ಷದ ಅರ್ಲೀನ್ ಗ್ಯಾಸ್ಕಿನ್ಸ್ ಕೋಟು ಬಿಚ್ಚಿಲ್ಲ, ಉಣ್ಣೆಯ ಟೋಪಿ ತೆಗೆದಿಲ್ಲ; ಬಂದವರೇ ಕಪ್ಪಗೆ ಹೊಳೆಯುವ ತಟ್ಟೆಯೊಂದನ್ನು ಗ್ರಾಮಫೋನ್ ರೆಕಾರ್ಡು ಕೊರೆಯುವ ಯಂತ್ರದ ಮೇಲೆ ಕೂರಿಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಾರೆ. ಮುಳ್ಳು ಕೊರೆಯುತ್ತಾ ಹೋದಂತೆ ಕೂದಲಿಗಿಂತ ತೆಳ್ಳಗಿನ ಕಪ್ಪು ಎಳೆ ಮೇಲೇಳುತ್ತದೆ. ಪಕ್ಕದ ಸಣ್ಣ ಕೊಳವೆ ಅದನ್ನು ಹೀರಿ ನೀರಿನ ಜಾಡಿಗೆ ಬಿಡುತ್ತದೆ. ನಾನು ಕುರ್ಚಿ ಎಳೆದುಕೊಳ್ಳಲು ಹೋದರೆ ಬೆರಳಲ್ಲೇ ಗದರಿಸುತ್ತಾರೆ. ಒಂದು ಮಗ್ಗುಲು ಮುಗಿಯುವವರೆಗೆ ನಾನು ಗೋಡೆಗೆ ಒರಗಿ ನಿಂತೇ ಇರಬೇಕಾಗುತ್ತದೆ.

ಮುಳ್ಳು ಎತ್ತಿದ ಮೇಲೆ ಮಾತು. "ಬಸ್ಸು ಹೋದ್ರೆ ನೆಲ ನಡುಗುತ್ತೆ ಮಗಾ. ಮುಳ್ಳಿಗೇನು ಗೊತ್ತು, ಅದೂ ಸಂಗೀತಾನೇ ಅಂದ್ಕೊಂಡು ಬರ್ದುಬಿಡುತ್ತೆ. ನಿನ್ನ ಈ ಎಮ್ಮೆ ಬೂಟಿನ ಸದ್ದೂ ಬರ್ಕೊಳ್ಳುತ್ತೆ. ಅದಕ್ಕೇ ನಾನು ಕೋಳಿ ಕೂಗೋ ಹೊತ್ತಿಗೆ ಬರೋದು." ಸುತ್ತಮುತ್ತ ಕೋಳಿ ಇಲ್ಲ ಎಂದರೆ, ಇರಬೇಕಿತ್ತು ಎನ್ನುತ್ತಾರೆ.

ಅವರ ಕೆಲಸ ಇಷ್ಟೇ. ಹಾಡಿದವರ ಟೇಪು ಬರುತ್ತದೆ. ಅದನ್ನು ಕೇಳಿ ಮೊದಲ ತಟ್ಟೆ ಕೊರೆದುಕೊಡಬೇಕು. ಆ ತಟ್ಟೆಯಿಂದ ಅಚ್ಚು, ಅಚ್ಚಿನಿಂದ ಸಾವಿರಾರು ರೆಕಾರ್ಡು. ಬೆಳಿಗ್ಗೆಗೆ ಒಂದು ಮಗ್ಗುಲು, ತಪ್ಪಿದರೆ ಮತ್ತೆ ಮೊದಲಿನಿಂದ. ನಮ್ಮ ಡೆಟ್ರಾಯಿಟಿನಲ್ಲಿ ಜನ ಕುಣಿದಿರುವ ಅದೆಷ್ಟೋ ಟೆಕ್ನೋ ರೆಕಾರ್ಡುಗಳು ಈ ಕೋಣೆಯಲ್ಲೇ ಹುಟ್ಟಿವೆ. ರೆಕಾರ್ಡಿನ ರಟ್ಟಿನ ಮೇಲೆ ಹಾಡಿದವನ ಹೆಸರಿರುತ್ತದೆ, ಫೋಟೋ ತೆಗೆದವನದಿರುತ್ತದೆ, ಒಂದರ ಮೇಲಂತೂ ತಲೆ ಬಾಚಿದವಳ ಹೆಸರೂ ನೋಡಿದ್ದೇನೆ. ಕೊರೆದವರದು ಎಲ್ಲೂ ಇಲ್ಲ. ನನಗೆ ಇದು ಸಿಟ್ಟು ತರಿಸುತ್ತದೆ. ಅವರಿಗೆ ತರಿಸುವುದಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ಕೋಣೆಗೆ ಕಸ ಗುಡಿಸಲು ಬಂದವರು ಅವರು. ಆಗಿನ ಯಜಮಾನ ಚರ್ಚುಗಳ ಪ್ರವಚನ, ಭಜನೆಗಳನ್ನು ರೆಕಾರ್ಡಿಗೆ ಕೊರೆಯುತ್ತಿದ್ದ. ವಯಸ್ಸಾಗಿ ಅವನ ಕೈ ನಡುಗತೊಡಗಿದಾಗ ಪೊರಕೆ ಗೋಡೆಗೆ ಒರಗಿತು, ಮುಳ್ಳು ಅರ್ಲೀನ್ ಕೈಗೆ ಬಂತು. ಎಲ್ಲೆಲ್ಲೂ ಸಿಡಿಗಳೇ ಆಗಿ, ಎರಡು ಸಾವಿರದ ಇಸವಿಯ ಹೊತ್ತಿಗೆ ಕೆಲಸ ನಿಂತೇಹೋಗಿ, ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಾ ವರ್ಷಗಟ್ಟಲೆ ಕಳೆದರು. ಗಂಡ ತೀರಿಕೊಂಡದ್ದೂ ಆಗಲೇ. ಯಂತ್ರ ಮಾರಿಬಿಡು ಎಂದು ಎಲ್ಲರೂ ಹೇಳಿದರೂ ಮಾರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಎಣ್ಣೆ ಹಾಕಿ ಒರೆಸಿಡುತ್ತಿದ್ದರು. ಈಗ ರೆಕಾರ್ಡಿಗೆ ಮತ್ತೆ ಕಾಲ ಬಂದಿದೆ. ಬಲಗಿವಿ ಮಾತ್ರ ಮಂದವಾಗಿದೆ, ಎಡಗಿವಿಯನ್ನು ಮುಂದೆ ಮಾಡಿ ಕೇಳುತ್ತಾರೆ.

ಅವರು ಕೊರೆದದ್ದರಲ್ಲೆಲ್ಲ ಹೆಸರಾದದ್ದು 'ಈಸ್ಟ್‌ಸೈಡ್ ಲಾಂಡ್ರಿ' ಎಂಬ ಆಲ್ಬಂ. ತೊಂಬತ್ತೇಳರಲ್ಲಿ ಅದನ್ನು ಮಾಡಿದವನು ಥ್ಯಾಡಿಯಸ್ ಬ್ರಾಡ್‌ನ್ಯಾಕ್ಸ್, ನಮ್ಮೆಲ್ಲರ ಥ್ಯಾಡ್. ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಅವನದು. ನಾಲ್ಕು ವರ್ಷದ ಹಿಂದೆ ತೀರಿಕೊಂಡ. ನನ್ನ ಈ ಬರಹ ಮಿಸ್ ಅರ್ಲೀನ್ ಬಗ್ಗೆಯೇ ಆದರೂ ಆ ಆಲ್ಬಮ್ಮನ್ನು ಬದಿಗಿಟ್ಟು ಅವರ ಬಗ್ಗೆ ಬರೆಯಲು ಬರುವುದಿಲ್ಲ.

ನಮ್ಮ ಊರಲ್ಲಿ ಟೆಕ್ನೋ ಸಂಗೀತದವರಿಗೂ ಹೌಸ್ ಎಂಬ ಇನ್ನೊಂದು ಕುಣಿತದ ಸಂಗೀತದವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಟೆಕ್ನೋದವರಿಗೆ ಯಂತ್ರದ ಬಡಿತ ಬೇಕು, ಮನುಷ್ಯರ ದನಿ ಬಂದರೆ ಮುಖ ಸಿಂಡರಿಸುತ್ತಾರೆ. ಹೌಸ್‌ನವರು ಪಿಯಾನೋ, ಚಪ್ಪಾಳೆ, ಚರ್ಚಿನಲ್ಲಿ ಕೇಳುವಂಥ ಹಾಡಿಗಾಗಿ ಕಾಯುತ್ತಾರೆ, ಅದು ಬರುವವರೆಗೆ ಕೈಕಟ್ಟಿ ನಿಲ್ಲುತ್ತಾರೆ. ಥ್ಯಾಡ್ ಇಬ್ಬರಿಗೂ ಟೋಪಿ ಹಾಕಿದ. ಶುರುವಿನಲ್ಲಿ ಬಟ್ಟೆ ಒಗೆಯುವ ಯಂತ್ರಗಳ ದಡ್ ದಡ್, ಉಗಿಯ ಸುಯ್ ಎನ್ನುವ ಸದ್ದು. ಟೆಕ್ನೋದವರು ಖುಷಿಯಾಗಿ ಕುಣಿಯುತ್ತಿರುತ್ತಾರೆ. ಯಾವಾಗ ಆ ಸುಯ್ಯಿನ ಜಾಗಕ್ಕೆ ಚಪ್ಪಾಳೆ ಬಂತು, ಯಾವಾಗ ಪಿಯಾನೋ ಕಾಲಿಟ್ಟಿತು ಎಂದು ಯಾರಿಗೂ ತಿಳಿಯುವುದಿಲ್ಲ; ನೋಡಿದರೆ ಕೈಕಟ್ಟಿ ನಿಂತಿದ್ದವರೂ ಪಕ್ಕದಲ್ಲಿ ಬೆವರುತ್ತಿರುತ್ತಾರೆ. ನಾನು ಅದನ್ನು ಮೊದಲು ಕೇಳಿದ್ದು ಗೆಳೆಯನ ಮನೆಯ ನೆಲಮಾಳಿಗೆಯಲ್ಲಿ. ಅಂದು ನನ್ನ ಜೊತೆ ಕುಣಿದವಳು ಗೆಳೆಯನ ಅಜ್ಜಿ.

ಎರಡನೇ ಮಗ್ಗುಲಿನಲ್ಲಿ ಥ್ಯಾಡ್‌ನ ತಾಯಿ ಒಜೆಲ್ಲಾ ಗುನುಗುವುದು ಬರುತ್ತದೆ. ಪದವಿಲ್ಲ, ತಾಳವಿಲ್ಲ, ಇಸ್ತ್ರಿ ಹಾಕುತ್ತಾ ತಮ್ಮಷ್ಟಕ್ಕೆ ಗುನುಗಿಕೊಂಡ ಚರ್ಚಿನ ಹಾಡು. ಮಗ ಅದನ್ನು ಹಿಂದೆಂದೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಆಲ್ಬಂ ಮಾಡುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಗುನುಗು ನಿಲ್ಲುತ್ತದೆ. ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಡ್ರಮ್ಮು ಬಂದು ಅಪ್ಪಳಿಸುತ್ತದೆ. ಆ ಮೌನಕ್ಕೆ ಜನ ಇಟ್ಟ ಹೆಸರು 'ಒಜೆಲ್ಲಾಳ ಉಸಿರು'. ನೃತ್ಯಕೂಟಗಳಲ್ಲಿ ಅದು ಬಂದಾಗ ಎಲ್ಲರೂ ಎರಡೂ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು ನಿಲ್ಲುವುದು ಪದ್ಧತಿಯೇ ಆಗಿಹೋಯಿತು. ಪತ್ರಿಕೆಗಳಲ್ಲಿ ಅದನ್ನು ಹೊಗಳಿ ಬರೆದರು. ತಾಯಿ ಸತ್ತ ಮಗನ ನೋವು ಆ ಮೌನದಲ್ಲಿದೆ ಎಂದು ಈ ಪುರವಣಿಯಲ್ಲೇ ಒಮ್ಮೆ ಅಚ್ಚಾಗಿತ್ತು.

ಆ ಮೌನ ಥ್ಯಾಡ್‌ನದಲ್ಲ. ಮಿಸ್ ಅರ್ಲೀನ್‌ರದು.

"ನಾನೂ ಒಜೆಲ್ಲಾನೂ ಚರ್ಚಲ್ಲಿ ಮೂವತ್ತು ವರ್ಷ ಪಕ್ಕಪಕ್ಕ ನಿಂತು ಹಾಡಿದೋರು," ಎನ್ನುತ್ತಾರೆ. ಥ್ಯಾಡ್ ತಂದ ಟೇಪಿನಲ್ಲಿ ಗುನುಗು ನಿಲ್ಲುತ್ತಲೇ ಇರಲಿಲ್ಲವಂತೆ. ಅದು ನಡೆಯುತ್ತಿರುವಾಗಲೇ ಡ್ರಮ್ಮು ಮೆಲ್ಲಗೆ ಕೆಳಗಿನಿಂದ ಸೇರಿಕೊಂಡು, ಎರಡೂ ಒಂದು ನಿಮಿಷದಷ್ಟು ಕಾಲ ಒಟ್ಟಿಗೆ ಸಾಗುತ್ತಿದ್ದವಂತೆ. ಅರ್ಲೀನ್ ಅದನ್ನು ಕೇಳಿ ಉರಿದುಹೋದರು. ಸತ್ತ ಗೆಳತಿ ದೇವರಿಗೆ ಹಾಡಿದ್ದನ್ನು ಕುಡಿದು ಕುಣಿಯುವವರ ಕಾಲಿಗೆ ಹಾಕುವುದೇ? ಅವರು ಟೇಪಿನ ನಕಲು ಮಾಡಿಕೊಂಡು, ಆ ಕೂಡುವ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ನಡುವೆ ಖಾಲಿ ಪಟ್ಟಿ ಅಂಟಿಸಿ, ಅದನ್ನೇ ಕೊರೆದರು. ಮೂಲ ಟೇಪನ್ನು ಡಬ್ಬಿಗೆ ಹಾಕಿ ಥ್ಯಾಡ್‌ಗೆ ವಾಪಸ್ ಕೊಟ್ಟರು. ಕೇಳಿದರೆ ಮುಳ್ಳು ಹಾರುತ್ತಿತ್ತು, ಬೇರೆ ದಾರಿ ಇರಲಿಲ್ಲ ಎಂದು ಹೇಳುವುದೆಂದು ಸುಳ್ಳನ್ನೂ ಹೊಂದಿಸಿಟ್ಟುಕೊಂಡಿದ್ದರು.

ಥ್ಯಾಡ್ ಏಕೆಂದು ಕೇಳಲಿಲ್ಲ. ಇಲ್ಲೇ, ಈ ಕೋಣೆಯಲ್ಲೇ, ಟೋಪಿ ಕೈಯಲ್ಲಿ ಹಿಡಿದು, ಕೊರೆದದ್ದನ್ನು ಕೊನೆಯವರೆಗೆ ಆಲಿಸಿದ. ಆ ಜಾಗ ಬಂದಾಗ ಒಮ್ಮೆ ಅರ್ಲೀನ್ ಮುಖ ನೋಡಿದ, ಆಮೇಲೆ ನೆಲ ನೋಡಿದ. ಮುಗಿದ ಮೇಲೆ "ಥ್ಯಾಂಕ್ಸ್ ಮಿಸ್ ಅರ್ಲೀನ್" ಎಂದು ತಟ್ಟೆ ತೆಗೆದುಕೊಂಡು ಹೋದ. ಮುಂದಿನ ಆಲ್ಬಂ ಕೊರೆಸಲು ಮಾತ್ರ ಅವನು ಇಲ್ಲಿಗೆ ಬರಲಿಲ್ಲ, ಶಿಕಾಗೋಗೆ ಹೋದ. ಚರ್ಚಿನಲ್ಲಿ ಕಂಡರೆ ಯಾವತ್ತಿನಂತೆ ಬಾಗಿಲು ಹಿಡಿದು ನಿಲ್ಲುತ್ತಿದ್ದ, ಕೋಟು ತೊಡಿಸುತ್ತಿದ್ದ.

ಊರೆಲ್ಲ ಆ ಮೌನವನ್ನು ಕೊಂಡಾಡುತ್ತಿದ್ದರೆ ಅರ್ಲೀನ್‌ಗೆ ಅದು ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೊದಮೊದಲು ಒಳಗೊಳಗೇ ಬೀಗಿದ್ದುಂಟಂತೆ. ನೋಡು, ನಾನು ಮಾಡಿದ್ದೇ ಸರಿಯಾಯಿತು ಎಂದು. ನಾಲ್ಕು ವರ್ಷದ ಹಿಂದೆ ಥ್ಯಾಡ್‌ನ ಅಂತ್ಯಕ್ರಿಯೆಯಲ್ಲಿ ಅದೇ ರೆಕಾರ್ಡು ಹಾಕಿದರು. ಮೌನದ ಜಾಗ ಬಂತು, ಚರ್ಚಿನಲ್ಲಿ ಕೂತವರೆಲ್ಲ ಕೈ ಮೇಲೆತ್ತಿದರು. ಅರ್ಲೀನ್ ಎದ್ದು ಹೊರಗೆ ಹೋಗಿ, ಹಿಮದಲ್ಲಿ ಮೆಟ್ಟಿಲ ಮೇಲೆ ಕೂತರು. ಮುದುಕಿಗೆ ತಲೆ ಸುತ್ತಿರಬೇಕೆಂದು ಯಾರೋ ನೀರು ತಂದುಕೊಟ್ಟರು.

ಕಳೆದ ಚಳಿಗಾಲ ಥ್ಯಾಡ್‌ನ ಮಗಳು ರೆನೀಟಾ ಟೇಪಿನ ಡಬ್ಬಿ ಹಿಡಿದು ಬಂದಳು. ಹಳೆಯ ಅಚ್ಚು ಸವೆದುಹೋಗಿತ್ತು, ರೆಕಾರ್ಡು ಮತ್ತೆ ತರಬೇಕಿತ್ತು. ಟೇಪು ಹಾಕುವ ಯಂತ್ರ ಅವಳ ಮನೆಯಲ್ಲಿಲ್ಲ, ಹಾಗಾಗಿ ಅವಳು ಅದನ್ನು ಕೇಳಿರಲಿಲ್ಲ. ಅವಳ ಬೇಡಿಕೆ ಒಂದೇ: ಹಳೆಯದು ಹೇಗಿತ್ತೋ ಹಾಗೇ ಇರಬೇಕು, ಉಸಿರಿನ ಜಾಗವಂತೂ ಕೂದಲೆಳೆಯಷ್ಟೂ ಬದಲಾಗಬಾರದು.

ಸುಮ್ಮನೆ ಸರಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮತ್ತೆ ನಕಲು ಮಾಡಿ, ಮತ್ತೆ ಕತ್ತರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹುಡುಗಿಯೂ ಸಂತೋಷವಾಗಿ ಹೋಗುತ್ತಿದ್ದಳು. ಅರ್ಲೀನ್ ಎರಡು ದಿನ ಅವಳ ಫೋನು ಎತ್ತಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಕರೆಸಿ, ಈ ಸ್ಟೂಲಿನ ಮೇಲೆ ಕೂರಿಸಿ, ಏನೂ ಹೇಳದೆ ಟೇಪು ಹಾಕಿದರು.

ರೆನೀಟಾಳನ್ನು ನಾನು ಅವಳ ಮನೆಯಲ್ಲಿ ಭೇಟಿಯಾದೆ. ಗುನುಗು ನಡೆಯುತ್ತಲೇ ಹೋದಾಗ ಅವಳು ಮೊದಲು ಟೇಪು ಕೆಟ್ಟಿದೆ ಎಂದುಕೊಂಡಳಂತೆ. ಡ್ರಮ್ಮು ಕೆಳಗಿನಿಂದ ಬಂತು. ಕುಣಿಸುವ ಡ್ರಮ್ಮಲ್ಲ ಅದು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎನ್ನುವಷ್ಟು ಮೆತ್ತಗೆ ಬಾರಿಸಿದ್ದು. ಅಜ್ಜಿ ತಾಳವಿಲ್ಲದೆ ಗುನುಗಿದ್ದಕ್ಕೆ ಅಪ್ಪ ಒಂದೊಂದೇ ಪೆಟ್ಟಿನಿಂದ ತಾಳ ಹೊಂದಿಸಿದ್ದ. ಅಜ್ಜಿ ಎಳೆದ ಕಡೆ ಕಾದಿದ್ದ, ಅವಸರ ಮಾಡಿದ ಕಡೆ ಓಡಿದ್ದ. ಆ ಒಂದು ನಿಮಿಷಕ್ಕಾಗಿಯೇ ಅವನು ಇಡೀ ಆಲ್ಬಂ ಕಟ್ಟಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಟೇಪು ನಿಂತ ಮೇಲೆ ಅರ್ಲೀನ್ ಎಲ್ಲವನ್ನೂ ಹೇಳಿದರು.

"ನಾನು ಬಯ್ಯೋಣ ಅಂತಾನೇ ಬಾಯಿ ತೆಗೆದೆ," ಎಂದಳು ರೆನೀಟಾ. "ಆಗ ನೆನಪಾಯ್ತು. ಎಲ್ಲೇ ಪಾರ್ಟಿ ಇರ್ಲಿ, ಆ ಜಾಗ ಬರೋ ಹೊತ್ತಿಗೆ ಅಪ್ಪ ಎದ್ದು ಹೊರಗೆ ಹೋಗ್ತಿದ್ದ. ಸಿಗರೇಟು ಸೇದೋಕೆ ಅಂದ್ಕೊಂಡಿದ್ದೆ. ಜನ ಕೈ ಎತ್ತಿದ್ದನ್ನ ಅಪ್ಪ ಒಂದು ಸಲಾನೂ ನೋಡಿಲ್ಲ."

ಅವಳು ಬಯ್ಯಲಿಲ್ಲ. ಅಪ್ಪ ಮಾಡಿದಂತೆಯೇ ಕೊರೆದುಕೊಡಿ, ನೀವೇ ಕೊರೆಯಬೇಕು ಎಂದಳು. ಅರ್ಲೀನ್ ಸತತ ಐದು ಬೆಳಿಗ್ಗೆ ಆ ಮಗ್ಗುಲನ್ನು ಕೊರೆದರು. ನಾಲ್ಕು ಸಲ ಆ ಜಾಗದಲ್ಲಿ ಕೈ ತಪ್ಪಿತು. ಯಂತ್ರದ ದೋಷವಲ್ಲ, ಕಣ್ಣು ತುಂಬಿ ಗೆರೆ ಕಾಣುತ್ತಿರಲಿಲ್ಲವಂತೆ.

ಈ ಬೇಸಿಗೆಯಲ್ಲಿ ನದಿ ದಂಡೆಯ ಪಾರ್ಕಿನಲ್ಲಿ ಥ್ಯಾಡ್ ನೆನಪಿಗೆ ಊಟ, ಕುಣಿತ ಇಟ್ಟುಕೊಂಡಿದ್ದರು. ಬದಲಾದದ್ದನ್ನು ರೆನೀಟಾ ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಸ ರೆಕಾರ್ಡು ಹಾಕಿದರು. ಗುನುಗು ಬಂತು, ರೂಢಿಯಂತೆ ನೂರಾರು ಕೈ ಮೇಲೆ ಹೋದವು. ಗುನುಗು ನಿಲ್ಲಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಕ್ಕದಲ್ಲಿದ್ದವನು ಡಿಜೆ ಕಡೆ ತಿರುಗಿ, ಉಸಿರು ಎಲ್ಲಿ ಹೋಯ್ತಪ್ಪಾ ಎಂದು ಕೇಳಿದ. ಕೆಲವರು ಕೈ ಇಳಿಸಿ ಮೆಲ್ಲಗೆ ಚರ್ಚಿನ ಚಪ್ಪಾಳೆ ಹಿಡಿದರು. ಕೆಲವರು ಹಳೆಯದೇ ಚೆನ್ನಾಗಿತ್ತು ಎಂದು ಗೊಣಗುತ್ತಾ ಹುರಿದ ಮೀನಿನ ಸಾಲಿಗೆ ಹೋದರು. ಇವತ್ತಿಗೂ ಅರ್ಧ ಊರು ಹಾಗೆಯೇ ಹೇಳುತ್ತದೆ. ನನಗೂ ಆ ಮೌನ ಇಷ್ಟವಿತ್ತು, ಸುಳ್ಳೇಕೆ ಹೇಳಲಿ. ಆದರೆ ಹೊಸದನ್ನು ಕೇಳಿದ ಮೇಲೆ ಹಳೆಯದರಲ್ಲಿ ಏನೋ ಕಿತ್ತುಹೋದಂತೆ ಕೇಳಿಸುತ್ತದೆ. ಮಿಸ್ ಅರ್ಲೀನ್ ಸಿಹಿಗೆಣಸಿನ ಪೈಗಳನ್ನು ಜೋಡಿಸಿಟ್ಟ ಮೇಜಿನ ಹಿಂದೆ ನಿಂತಿದ್ದರು. ಅವರ ತುಟಿ ಆಡುತ್ತಿತ್ತು. ಹತ್ತಿರ ಹೋದರೆ ತಿಳಿಯಿತು, ಒಜೆಲ್ಲಾ ಪಕ್ಕದಲ್ಲಿ ನಿಂತು ಹಾಡುತ್ತಿದ್ದ ತಮ್ಮ ಪಾಲಿನ ದನಿಯನ್ನು ಅವರು ಹಾಡಿಕೊಳ್ಳುತ್ತಿದ್ದರು.

ಹೊಸ ರೆಕಾರ್ಡಿನ ರಟ್ಟಿನ ಮೇಲೆ ಅವರ ಹೆಸರು ಹಾಕಲು ರೆನೀಟಾ ಎಷ್ಟು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಈಗ ಹೊರಗೆ ಮೊದಲ ಬಸ್ಸು ಹಾದುಹೋಗುತ್ತದೆ, ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ, ಅವರ ಇವತ್ತಿನ ಕೆಲಸ ಮುಗಿಯಿತು. ಟೋಪಿ ಸರಿಮಾಡಿಕೊಳ್ಳುತ್ತಿರುವ ಅವರನ್ನು, ಹೆಸರು ಬೇಡವೆಂದರೆ ಮತ್ತೇನು ಬೇಕು ಎಂದು ಕೇಳುತ್ತೇನೆ.

"ಅವತ್ತು ಅವನು ಒಂದು ಮಾತು ಅನ್ಬೇಕಿತ್ತು ಮಗಾ. 'ಮಿಸ್ ಅರ್ಲೀನ್, ಅವಳು ನನ್ನಮ್ಮ, ಇದು ನನ್ನ ಹಾಡು, ಮುಟ್ಟೋಕೆ ನೀವ್ಯಾರು' ಅಂತ ಜೋರಾಗಿ ಬೈದಿದ್ರೆ ಸಾಕಿತ್ತು, ಮಾರನೇ ಬೆಳಿಗ್ಗೇನೇ ಮತ್ತೆ ಕೊರೀತಿದ್ದೆ. ಅನ್ಲಿಲ್ಲ. ದೊಡ್ಡೋರಿಗೆ ಎದುರು ಮಾತಾಡ್ಬಾರ್ದು ಅಂತ ಬೆಳೆಸಿದ್ರು ಅವನನ್ನ." ಅವರು ದೀಪ ಆರಿಸುತ್ತಾರೆ. "ಬೆಳೆಸಿದ್ದು ಒಜೆಲ್ಲಾನೂ ನಾನೂನೇ."